ಚರ್ಚಿನ ಹಳೆಯ ಬೆಂಚುಗಳ ದುರಸ್ತಿ: ತಜ್ಞರನ್ನು ಆರಿಸುವುದು ಹೇಗೆ?



ಚರ್ಚಿನೊಳಗೆ ಸಾಲಾಗಿ ಜೋಡಿಸಿರುವ, ಒರಗು ಹಲಗೆಯುಳ್ಳ ಉದ್ದನೆಯ ಮರದ ಬೆಂಚುಗಳನ್ನು ನೀವು ನೋಡಿರಬಹುದು. ಇಂಗ್ಲಿಷಿನಲ್ಲಿ ಇವಕ್ಕೆ ‘ಪ್ಯೂ’ ಎಂದು ಹೆಸರು. ಹಲವು ತಲೆಮಾರುಗಳ ಜನ ಕುಳಿತೆದ್ದ ಈ ಬೆಂಚುಗಳು ಒಂದು ದಿನ ಅಲುಗಾಡತೊಡಗುತ್ತವೆ. ಪಾಲಿಶ್ ಕಪ್ಪಾಗುತ್ತದೆ, ಕಾಲಿನ ಬುಡದಲ್ಲಿ ಹುಳು ಹಿಡಿಯುತ್ತದೆ. ಆಗ ಚರ್ಚಿನ ಸಮಿತಿಯವರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ದುರಸ್ತಿಗೆ ಯಾರನ್ನು ಕರೆಯಬೇಕು?

ಬಡಗಿಗಳು ಎಲ್ಲ ಊರುಗಳಲ್ಲೂ ಇದ್ದಾರೆ. ಹೊಸ ಮೇಜು, ಬಾಗಿಲು ಮಾಡುವುದರಲ್ಲಿ ನಿಪುಣರೂ ಆಗಿದ್ದಾರೆ. ಆದರೆ ಹೊಸದನ್ನು ಮಾಡುವುದು ಬೇರೆ, ಹಳೆಯದನ್ನು ಉಳಿಸುವುದು ಬೇರೆ. ಈ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಬೆಂಚಿನ ಮೇಲಿನ ಕಚ್ಚು

1857ರ ಮೇ 10, ಭಾನುವಾರ. ಮೀರತ್ತಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಸಂಜೆಯ ಪ್ರಾರ್ಥನೆಗೆ ಹೊರಡುವ ಹೊತ್ತಿಗೆ ಭಾರತೀಯ ಸಿಪಾಯಿಗಳ ದಂಗೆ ಭುಗಿಲೆದ್ದಿತು. ಈ ಅನುಭವದ ನಂತರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಬಂದೂಕುಗಳೊಂದಿಗೇ ಚರ್ಚಿಗೆ ಹೋಗುವ ಪದ್ಧತಿ ಬಂದಿತು. ಪ್ರಾರ್ಥನೆಯ ವೇಳೆಯಲ್ಲಿ ಬಂದೂಕನ್ನು ಒರಗಿಸಿಡಲೆಂದು ಹಲವು ದಂಡು ಪ್ರದೇಶಗಳ ಚರ್ಚುಗಳಲ್ಲಿ ಬೆಂಚಿನ ಹಲಗೆಗೆ ಕಚ್ಚುಗಳನ್ನು ಕೊರೆಯಲಾಯಿತು.

ಇಂಥ ಬೆಂಚನ್ನು, ಇತಿಹಾಸ ತಿಳಿಯದ ಆದರೆ ಕೆಲಸದಲ್ಲಿ ಚುರುಕಾದ ಬಡಗಿಯೊಬ್ಬರ ಕೈಗೆ ಕೊಟ್ಟೆವೆಂದು ಭಾವಿಸಿ. ಆ ಕಚ್ಚು ಅವರ ಕಣ್ಣಿಗೆ ಮುರಿದ ಅಂಚಿನಂತೆ ಕಾಣುತ್ತದೆ. ಶ್ರದ್ಧೆಯಿಂದಲೇ ಅದಕ್ಕೆ ಮರದ ತುಂಡು ಕೂರಿಸಿ, ಲಪ್ಪ ಬಳಿದು, ಉಜ್ಜಿ, ಹೊಳೆಯುವಂತೆ ಮಾಡುತ್ತಾರೆ. ನೋಡಿದವರೆಲ್ಲ ಮೆಚ್ಚುತ್ತಾರೆ. ಆದರೆ ಒಂದು ಕಾಲದ ಭಯಕ್ಕೆ ಉಳಿದಿದ್ದ ಸಾಕ್ಷಿ ಅಳಿಸಿಹೋಗಿರುತ್ತದೆ. ಅದನ್ನು ಮರಳಿ ಪಡೆಯುವ ಉಪಾಯವಿಲ್ಲ. ಉಳಿಯ ಗುರುತು, ಜೋಡಣೆಗೆ ಹಾಕಿದ ಅಂಕಿ, ಸಾವಿರಾರು ಅಂಗೈಗಳು ಸವೆಸಿದ ಅಂಚು ಇವೂ ಇಂಥ ಸಾಕ್ಷಿಗಳೇ.

ಆದ್ದರಿಂದ ತಜ್ಞರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: “ಈ ಬೆಂಚಿನಲ್ಲಿ ನೀವು ಏನನ್ನು ಮುಟ್ಟದೆ ಬಿಡುತ್ತೀರಿ?” ಇದಕ್ಕೆ ಉತ್ತರವಿಲ್ಲದವರಿಗೆ ಕೆಲಸ ಒಪ್ಪಿಸಲು ಅವಸರ ಬೇಡ.

ಮೊದಲು ರೋಗ, ಆಮೇಲೆ ಮದ್ದು

ಒಳ್ಳೆಯ ವೈದ್ಯರು ನಾಡಿ ನೋಡದೆ ಮದ್ದು ಬರೆಯುವುದಿಲ್ಲ. ಒಳ್ಳೆಯ ತಜ್ಞರೂ ದೂರವಾಣಿಯಲ್ಲೇ ಬೆಲೆ ಹೇಳುವುದಿಲ್ಲ. ಅವರು ಬೆಂಚಿನ ಅಡಿಗೆ ದೀಪ ಹಿಡಿದು ನೋಡುತ್ತಾರೆ, ಜೋಡಣೆಗಳನ್ನು ಅಲುಗಾಡಿಸಿ ನೋಡುತ್ತಾರೆ.

ಹುಳುವಿನ ವಿಷಯವನ್ನೇ ತೆಗೆದುಕೊಳ್ಳಿ. ಮರದಲ್ಲಿ ತೂತುಗಳಿವೆ ಎಂದ ಮಾತ್ರಕ್ಕೆ ಹುಳುಗಳು ಈಗಲೂ ಇವೆ ಎಂದಲ್ಲ. ಹಳೆಯ ತೂತುಗಳ ಒಳಭಾಗ ಕಪ್ಪಾಗಿರುತ್ತದೆ. ಹೊಸ ತೂತಿನ ಒಳಭಾಗ ತಿಳಿ ಬಣ್ಣದ್ದಾಗಿದ್ದು, ಕೆಳಗೆ ನುಣ್ಣನೆಯ ಹಿಟ್ಟು ಉದುರಿರುತ್ತದೆ. ಬೆಂಚಿನ ಕೆಳಗೆ ಕಪ್ಪು ಕಾಗದ ಹರಡಿ ಕೆಲವು ವಾರ ಬಿಟ್ಟರೆ ಸತ್ಯ ತಿಳಿಯುತ್ತದೆ. ತೇಗದ ಚೇಗಿಗೆ ಹುಳು ಸುಲಭವಾಗಿ ಹತ್ತುವುದಿಲ್ಲ. ಹೊರಭಾಗದ ಬಿಳಿ ಮರಕ್ಕೆ ಹತ್ತುತ್ತದೆ. ಗೆದ್ದಲಿನ ಕಥೆ ಬೇರೆ. ಅದು ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರುತ್ತದೆ. ನೆಲದ ತೇವ ನಿಲ್ಲಿಸದೆ ಬೆಂಚಿನ ಕಾಲು ಬದಲಾಯಿಸಿದರೆ ಹೊಸ ಕಾಲೂ ಅದಕ್ಕೆ ಆಹಾರವಾಗುತ್ತದೆ. ಇದನ್ನು ಬಿಡಿಸಿ ಹೇಳುವವರೇ ನಿಜವಾದ ತಜ್ಞರು.

ಅರಗು ಮತ್ತು ಅಂಟು

ಎರಡನೆಯ ಪ್ರಶ್ನೆ: “ನೀವು ಮಾಡಿದ್ದನ್ನು ಮುಂದೆ ಬೇಕಾದರೆ ಬಿಚ್ಚಬಹುದೇ?”

ಹಳೆಯ ಪೀಠೋಪಕರಣಗಳಿಗೆ ಹೆಚ್ಚಾಗಿ ಬಳಸುತ್ತಿದ್ದುದು ಫ್ರೆಂಚ್ ಪಾಲಿಶ್. ಅದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡಿದ ದ್ರಾವಣ. ಅರಗು ನಮ್ಮ ದೇಶದ ಮುತ್ತುಗದಂಥ ಮರಗಳ ಮೇಲೆ ಬದುಕುವ ಸಣ್ಣ ಕೀಟದಿಂದ ದೊರೆಯುತ್ತದೆ. ಸ್ಪಿರಿಟ್ ತಗುಲಿದರೆ ಈ ಪಾಲಿಶ್ ಮತ್ತೆ ಮೆತ್ತಗಾಗುವುದರಿಂದ ಮಾಸಿದ ಭಾಗವನ್ನಷ್ಟೇ ಸರಿಪಡಿಸಬಹುದು. ಇಂದಿನ ಪಾಲಿಯುರಿಥೇನ್ ಲೇಪ ಗಟ್ಟಿಯಾದದ್ದು, ನೀರಿಗೂ ಜಗ್ಗದು. ಆದರೆ ಅದನ್ನು ತೆಗೆಯಬೇಕಾದರೆ ಬಹುಮಟ್ಟಿಗೆ ಮರವನ್ನೇ ಕೆರೆಯಬೇಕಾಗುತ್ತದೆ. ತಜ್ಞರು ಮೊದಲು ಬೆಂಚಿನ ಅಡಿಯ ಮರೆಯ ಜಾಗದಲ್ಲಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರಸಿ, ಇರುವ ಲೇಪ ಯಾವುದೆಂದು ತಿಳಿದುಕೊಳ್ಳುತ್ತಾರೆ. ಬಂದ ಕೂಡಲೇ ಯಂತ್ರದಿಂದ ಉಜ್ಜಲು ಹೊರಡುವವರನ್ನು ತಡೆಯಿರಿ.

ಅಂಟಿನಲ್ಲೂ ಹೀಗೆಯೇ. ಪ್ರಾಣಿಗಳ ಚರ್ಮ, ಎಲುಬುಗಳಿಂದ ಮಾಡಿದ ಸರೇಸು ಬಿಸಿ ಮತ್ತು ತೇವಕ್ಕೆ ಸಡಿಲವಾಗುತ್ತದೆ. ಆದ್ದರಿಂದ ಜೋಡಣೆಯನ್ನು ಒಡೆಯದೆ ಬಿಚ್ಚಬಹುದು. ಎಪಾಕ್ಸಿ ಅಂಟು ಹಾಕಿದ ಜೋಡಣೆಯನ್ನು ಬಿಚ್ಚಲು ಹೋದರೆ ಮರವೇ ಸೀಳಬಹುದು.

ಮರ ಹಿಗ್ಗುತ್ತದೆ, ಕುಗ್ಗುತ್ತದೆ

ಕಡಿದು ನೂರು ವರ್ಷವಾದ ಮರವೂ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ತೀರ ಕಡಿಮೆ, ಅಡ್ಡಕ್ಕೆ ಹೆಚ್ಚು. ಮಂಗಳೂರಿನ ಮಳೆಗಾಲದಲ್ಲಿ ಉಬ್ಬಿದ ಹಲಗೆ ಬೇಸಿಗೆಯಲ್ಲಿ ಕಿರಿದಾಗುತ್ತದೆ. ಹಳೆಯ ಕುಶಲಕರ್ಮಿಗಳು ಒಂದು ತುಂಡಿನ ತುದಿಯನ್ನು ನಾಲಿಗೆಯಂತೆ ಕತ್ತರಿಸಿ, ಇನ್ನೊಂದರ ತೂತಿಗೆ ಕೂರಿಸಿ, ಮರದ ಬೆಣೆ ಹೊಡೆದು ಚೌಕಟ್ಟು ಕಟ್ಟುತ್ತಿದ್ದರು. ಅದರೊಳಗಿನ ಅಗಲ ಹಲಗೆಗೆ ಅಲುಗಲು ಜಾಗ ಬಿಡುತ್ತಿದ್ದರು. ಆ ಹಲಗೆಯನ್ನು ಕಬ್ಬಿಣದ ಮೊಳೆಗಳಿಂದ ಬಿಗಿದರೆ ಮುಂದಿನ ಬೇಸಿಗೆಗೆ ಅದು ಬಿರಿಯುತ್ತದೆ. ಕೂಡಿಸುವ ಹೊಸ ತುಂಡು ಅದೇ ಜಾತಿಯ, ಚೆನ್ನಾಗಿ ಒಣಗಿದ ಮರದ್ದಾಗಿರಬೇಕು. ಅದರ ಎಳೆ ಹಳೆಯ ಎಳೆಯ ದಿಕ್ಕಿನಲ್ಲೇ ಇರಬೇಕು.

ಒಪ್ಪಿಸುವ ಮುನ್ನ

ತಜ್ಞರು ಹಿಂದೆ ಮಾಡಿದ ಕೆಲಸವನ್ನು ಹೋಗಿ ನೋಡಿ. ಕಳೆದ ತಿಂಗಳು ಮುಗಿಸಿದ್ದಕ್ಕಿಂತ ಐದಾರು ಮಳೆಗಾಲ ಕಂಡದ್ದು ಹೆಚ್ಚು ಪಾಠ ಹೇಳುತ್ತದೆ. ಬಳಸುವ ಮರ, ಅಂಟು, ಲೇಪ, ಹುಳುವಿನ ಔಷಧಿಗಳ ಹೆಸರು ಬರವಣಿಗೆಯಲ್ಲಿರಲಿ. ಬಿಚ್ಚುವ ಮೊದಲು ಪ್ರತಿ ಬೆಂಚಿಗೂ ಸಂಖ್ಯೆ ಕೊಟ್ಟು ಛಾಯಾಚಿತ್ರ ತೆಗೆಯಲಿ. ಮೊದಲು ಒಂದೇ ಬೆಂಚನ್ನು ಕೊಟ್ಟು ನೋಡಿ. ಅದು ಒಪ್ಪಿಗೆಯಾದರೆ ಉಳಿದವು. ಅತಿ ಕಡಿಮೆ ಬೆಲೆ ಹೇಳಿದವರೆಂಬ ಒಂದೇ ಕಾರಣಕ್ಕೆ ಯಾರನ್ನೂ ಆರಿಸಬೇಡಿ. ಪದವಿಯೂ ಒಂದೇ ಅಳತೆಗೋಲಲ್ಲ. ಶಾಲೆಯ ಮೆಟ್ಟಿಲು ಹತ್ತದ ಹಿರಿಯ ಆಚಾರಿಯೊಬ್ಬರು ಈ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಬಹುದು.

ಈ ವಿವೇಕ ಹೊಸದೇನಲ್ಲ. ಹಳೆಯ ಚರ್ಚುಗಳನ್ನು ‘ನವೀಕರಿಸುವ’ ಭರದಲ್ಲಿ ಹಾಳುಮಾಡುತ್ತಿದ್ದಾರೆಂದು ಕಂಡ ವಿಲಿಯಂ ಮಾರಿಸ್ 1877ರಲ್ಲಿ ಇಂಗ್ಲೆಂಡಿನಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು 1964ರ ವೆನಿಸ್ ಸನ್ನದು ಸಾರಿತು. ನಮ್ಮ ದೇಶದಲ್ಲಿ 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆ ಪರಂಪರೆಯ ರಕ್ಷಣೆಗೆ ದುಡಿಯುತ್ತಿದೆ. ಸಂದೇಹ ಬಂದಾಗ ಅಂಥವರ ಸಲಹೆ ಕೇಳಬಹುದು.

ಈ ಮಾತು ಚರ್ಚಿಗಷ್ಟೇ ಸೀಮಿತವಲ್ಲ. ದೇವಾಲಯದ ರಥ, ಮಸೀದಿಯ ಮರದ ಕಂಬ, ನಿಮ್ಮ ಮನೆಯ ಹಳೆಯ ತೊಟ್ಟಿಲು ಎಲ್ಲಕ್ಕೂ ಅನ್ವಯಿಸುತ್ತದೆ. ನಾಳೆ ನಿಮ್ಮ ಶಾಲೆಯ ಅತ್ಯಂತ ಹಳೆಯ ಬೆಂಚನ್ನು ಹುಡುಕಿ, ಅದರ ಮೇಲಿನ ಗುರುತುಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ಯಾವುದು ದೋಷ, ಯಾವುದು ಸಾಕ್ಷಿ ಎಂದು ಗೆಳೆಯರೊಡನೆ ಚರ್ಚಿಸಿ.