ಬಸಿನೀರಿನ ಗತಿ

ನೀರಾವರಿಯ ಹಿರಿಮೆಯನ್ನು ಬಲ್ಲವರು ಬಹುಮಂದಿ. ಹೊಲಕ್ಕೆ ಬಂದ ನೀರು ಪೈರಿನ ದಾಹವನ್ನು ತೀರಿಸಿದ ತರುವಾಯ ಎತ್ತ ಹೋಗುವುದೆಂದು ವಿಚಾರಿಸುವವರು ವಿರಳ. ಆದರೆ ಒಂದು ಸೀಮೆಯ ಮಣ್ಣಿನ ಸತ್ತ್ವವನ್ನೂ ಅಲ್ಲಿನ ಬಾವಿಗಳ ರುಚಿಯನ್ನೂ ನಿರ್ಣಯಿಸತಕ್ಕದ್ದು ಆ ಶೇಷಜಲದ ಗತಿಯೇ ಎಂಬುದಕ್ಕೆ ತುಂಗಭದ್ರೆಯ ಎಡದಂಡೆಯ ಗಂಗಾವತಿ, ಸಿಂಧನೂರು ಪ್ರಾಂತಗಳು ನಿದರ್ಶನವಾಗಿವೆ.

1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾದಾಗ ಅದರ ಎಡದಂಡೆ ಕಾಲುವೆಯ ನೀರು ಬಹುಮಟ್ಟಿಗೆ ಜೋಳ, ಹತ್ತಿಗಳಂಥ ಮಿತಜಲದ ಬೆಳೆಗಳಿಗೆಂದೇ ಉದ್ದಿಷ್ಟವಾಗಿದ್ದಿತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಬೇರೂರಿತು. ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಂತ ನೀರು, ಸುಲಭವಾಗಿ ಬಸಿಯಗೊಡದ ಎರೆನೆಲದಲ್ಲಿ ಮೆಲ್ಲಮೆಲ್ಲನೆ ಇಂಗಿ, ಅಂತರ್ಜಲದ ಮಟ್ಟವನ್ನು ಬೇರುಗಳ ಸಮೀಪಕ್ಕೆ ಏರಿಸಿತು. ಹೀಗೆ ಏರಿದ ನೀರು ಮಣ್ಣಿನ ಲವಣಗಳನ್ನು ಕರಗಿಸಿಕೊಂಡು, ಬತ್ತಿಯಲ್ಲಿ ಎಣ್ಣೆ ಏರುವಂತೆ ಸೂಕ್ಷ್ಮರಂಧ್ರಗಳಲ್ಲಿ ಮೇಲೇರಿ, ಬಿಸಿಲಿಗೆ ತಾನು ಆವಿಯಾಗಿ, ಲವಣವನ್ನಷ್ಟೇ ನೆಲದ ಮೇಲೆ ಉಳಿಸಿಹೋಗುತ್ತದೆ. ರೈತರು ಸವಳೆಂದು ಕರೆಯುವುದು ಇದನ್ನೇ. ಮರುಬಾರಿ ಹಾಯಿಸಿದ ನೀರು ಅದರಲ್ಲೊಂದಂಶವನ್ನು ಮತ್ತೆ ಕೆಳಕ್ಕೊಯ್ಯುವುದರಿಂದ, ಈ ಆವರ್ತದಲ್ಲಿ ಅಂತರ್ಜಲವೂ ಕ್ರಮೇಣ ಉಪ್ಪಾಗುತ್ತದೆ.

ಇದಕ್ಕೆ ಪರಿಹಾರ ಬಸಿಗಾಲುವೆ: ತೆರೆದ ಕಾಲುವೆಯಾಗಲಿ, ಸುಮಾರು ಒಂದು ಮೀಟರು ಆಳದಲ್ಲಿ ಹುಗಿದ ರಂಧ್ರಯುಕ್ತ ಕೊಳವೆಯಾಗಲಿ, ಹೆಚ್ಚಿನ ನೀರನ್ನು ಲವಣಸಮೇತ ಹೊರಗೊಯ್ಯುತ್ತದೆ. ಆದರೆ ಹೊರಹೋದದ್ದು ನಾಶವಾಯಿತೆಂದು ಭಾವಿಸಲಾಗದು. ಪೈರಿಗೆ ಹಾಕಿದ ಯೂರಿಯ ಗೊಬ್ಬರದ ಸಾರಜನಕವು ಮಣ್ಣಿನಲ್ಲಿ ನೈಟ್ರೇಟಾಗಿ ಪರಿಣಮಿಸುತ್ತದೆ. ಮಣ್ಣಿನ ಕಣಗಳಿಗೆ ಅಂಟದ ಈ ವಸ್ತು ನೀರು ಹೋದೆಡೆಗೆ ತಾನೂ ಹೋಗುತ್ತದೆ. ಗಾಳಿಯಾಡದ ಜವಳು ನೆಲದಲ್ಲಿ ಸೂಕ್ಷ್ಮಾಣುಗಳು ಅದನ್ನು ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತವೆ. ಬಸಿದು ಗಾಳಿಯಾಡುವ ನೆಲದಲ್ಲಿಯಾದರೋ ಅದು ಉಳಿದು, ಕೊಳವೆಯ ಮೂಲಕ ಹಳ್ಳಕ್ಕೂ, ಹಳ್ಳದಿಂದ ಇಂಗಿ ಬಾವಿಗೂ ಸೇರಬಲ್ಲದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ನಮ್ಮ ದೇಶದ ಮಿತಿ. ಅತಿಯಾದರೆ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕವನ್ನು ಹೊರುವ ಶಕ್ತಿ ಕುಂದಬಹುದು.

ಬಸಿನೀರು ತಾನು ಸೇರಿದೆಡೆಯಲ್ಲಿ ಕೇಡು ತಂದುದಕ್ಕೆ ಪರದೇಶದಲ್ಲಿಯೂ ಉದಾಹರಣೆಯುಂಟು. ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯ ಬಸಿನೀರನ್ನು ಕೆಸ್ಟರ್ಸನ್ ಎಂಬ ಕೊಳಗಳಿಗೆ ತಿರುಗಿಸಿದಾಗ, ಮಣ್ಣಿನಿಂದ ತೊಳೆದುಬಂದ ಸೆಲೆನಿಯಂ ಅಲ್ಲಿ ಸಂಚಯವಾಗಿ, 1983ರಲ್ಲಿ ವಿಕಲಾಂಗವಾದ ಹಕ್ಕಿಮರಿಗಳು ಕಂಡುಬಂದವು.

ಆದುದರಿಂದ ಬಸಿಯದಿರುವುದೂ ಅನರ್ಥ, ಮಿತಿಯಿಲ್ಲದೆ ಬಸಿಯುವುದೂ ಅನರ್ಥ. ಕೊಳವೆಯ ಬಾಯಿಗೆ ತಡೆಬಾಗಿಲನ್ನಿಟ್ಟು ಅಗತ್ಯವಿದ್ದಾಗ ಮಾತ್ರ ತೆರೆಯುವುದು, ಗೊಬ್ಬರವನ್ನು ಕಂತುಗಳಲ್ಲಿ ಕೊಡುವುದು, ಕಾಲುವೆಯ ನೀರನ್ನೇ ಮಿತವಾಗಿ ಬಳಸುವುದು, ಇವು ಮಧ್ಯಮಮಾರ್ಗದ ಉಪಾಯಗಳು. ಎಲ್ಲಕ್ಕಿಂತ ಮಿಗಿಲಾಗಿ, ಬಸಿನೀರು ಕಡೆಗೆ ಯಾರ ಬಾವಿಯ ಬಳಿ ನಿಲ್ಲುವುದೆಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ಮೊದಲ ಕೊಳವೆಯನ್ನು ಹುಗಿಯುವುದು ಯುಕ್ತ.