ದೊಡ್ಡ ಮನೆಗಳಿಗೆ ಪೆಲೆಟ್ ಒಲೆ: ಕೊಳ್ಳುವುದಕ್ಕೆ ಮುಂಚೆ ವಿಚಾರಿಸತಕ್ಕ ಸಂಗತಿಗಳು

ಮಲೆನಾಡು, ಕೊಡಗು ಮುಂತಾದ ಪ್ರಾಂತಗಳಲ್ಲಿ ಹದಿನೈದು ಇಪ್ಪತ್ತು ಜನರುಳ್ಳ ದೊಡ್ಡ ಮನೆಗಳಿಗೆ ಮಳೆಗಾಲದಲ್ಲಿ ಬಚ್ಚಲೊಲೆಯೇ ಶಾಖಕ್ಕೆ ಮುಖ್ಯ ಆಧಾರವಾಗಿರುತ್ತದೆ. ಸ್ನಾನದ ನೀರು ಕಾಯುವುದೂ, ಒದ್ದೆ ಬಟ್ಟೆ ಆರುವುದೂ, ಮುದುಕರು ಮಕ್ಕಳು ಚಳಿ ಕಾಯಿಸಿಕೊಳ್ಳುವುದೂ ಈ ಒಂದು ಒಲೆಯಿಂದಲೇ. ಇದಕ್ಕೆ ಬದಲಾಗಿ ಹೊಗೆಯಿಲ್ಲದೆ ಉರಿಯುವ ಪೆಲೆಟ್ ಒಲೆಗಳನ್ನು ಇಡಬಹುದೆಂದು ವ್ಯಾಪಾರಸ್ಥರು ಹೇಳುತ್ತಾರೆ. ಗ್ರಾಮದ ಮುಖಂಡರೊಬ್ಬರು ಒಂದು ಸಾಮಾನನ್ನು ಕೊಂಡರೆ ಅದನ್ನು ನೋಡಿ ಹತ್ತು ಮನೆಯವರು ಕೊಳ್ಳುವುದು ವಾಡಿಕೆಯಾದುದರಿಂದ, ಕೊಳ್ಳುವುದಕ್ಕೆ ಮುಂಚೆ ಇದರ ಗುಣದೋಷಗಳನ್ನು ಲೆಕ್ಕವಿಟ್ಟು ನೋಡುವುದು ಅವಶ್ಯಕ.

ಪೆಲೆಟ್ ಎಂದರೆ ಮರದ ಹುಡಿ, ಕಡಲೇಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು ಮೊದಲಾದುವನ್ನು ಪುಡಿಮಾಡಿ, ಒಣಗಿಸಿ, ಯಂತ್ರದ ಅಚ್ಚಿನ ರಂಧ್ರಗಳ ಮೂಲಕ ಬಲವಾಗಿ ಒತ್ತಿ ತೆಗೆದ ಗುಳಿಗೆ. ಒತ್ತುವಾಗ ಹುಟ್ಟುವ ಶಾಖದಿಂದ ಸಸ್ಯದಲ್ಲಿಯೇ ಇರುವ ಲಿಗ್ನಿನ್ ಎಂಬ ಪದಾರ್ಥವು ಮೆತ್ತಗಾಗಿ ಪುಡಿಯನ್ನು ಹಿಡಿದಿಡುವುದರಿಂದ ಬೇರೆ ಅಂಟು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೊಟ್ಟಿಗೆ ಸೆಗಣಿ ಕಲಸಿ ಕೈಯಿಂದ ಉಂಡೆಮಾಡಿ ಒಣಗಿಸಿದರೆ ಅದು ಪೆಲೆಟ್ ಆಗಲಾರದು. ಅಂಥಾದ್ದನ್ನು ಈ ಒಲೆಗೆ ತುಂಬಿದರೆ ಗಾಳಿಯ ದಾರಿ ಕಟ್ಟಿ ಬರಿಯ ಹೊಗೆಯೇಳುತ್ತದೆ.

ಮನೆಬಳಕೆಯ ಒಲೆಯ ರಚನೆ ಸರಳವಾದುದು. ಒಂದು ಪಾತ್ರೆಯಂಥ ಗೂಡಿನಲ್ಲಿ ಗುಳಿಗೆಗಳನ್ನು ತುಂಬಿ ಮೇಲುಗಡೆಯಿಂದ ಬೆಂಕಿ ಹೊತ್ತಿಸುತ್ತಾರೆ. ಬ್ಯಾಟರಿಯಿಂದ ತಿರುಗುವ ಸಣ್ಣ ಫ್ಯಾನು ಕೆಳಗಿನಿಂದ ಸ್ವಲ್ಪ ಗಾಳಿಯನ್ನು ಊದುತ್ತದೆ. ಆ ಗಾಳಿಯಿಂದ ಗುಳಿಗೆಗಳು ಪೂರ್ತಿ ಉರಿಯದೆ ಅನಿಲವಾಗಿ ಮೇಲೇಳುತ್ತವೆ. ಗೂಡಿನ ಬಾಯ ಸುತ್ತಲಿನ ರಂಧ್ರಗಳಿಂದ ಬರುವ ಎರಡನೆಯ ಗಾಳಿಯಲ್ಲಿ ಈ ಅನಿಲವು ನಿಚ್ಚಳವಾಗಿ ಉರಿಯುವುದರಿಂದ ಹೊಗೆ ಬಹಳ ಕಡಮೆ. ಆದರೆ ಒಂದು ಸಲ ತುಂಬಿದ ಮೇಲೆ ಅದು ತೀರುವ ವರೆಗೆ ನಡುವೆ ಗುಳಿಗೆ ಹಾಕುವಂತಿಲ್ಲ. ಹಾಕಿದರೆ ಉರಿ ಕೆಟ್ಟು ಹೊಗೆಯಾಗುತ್ತದೆ. ಸೌದೆಯೊಲೆಗೆ ಒಂದೊಂದೇ ಕೊಳ್ಳಿಯನ್ನು ಮುಂದೊತ್ತುವ ಅಭ್ಯಾಸವುಳ್ಳವರಿಗೆ ಈ ನಿಯಮವು ಮೊದಮೊದಲು ಕಷ್ಟವೆನಿಸುವುದು.

ಈಗ ಬಚ್ಚಲ ಲೆಕ್ಕ. ಇಪ್ಪತ್ತು ಜನಕ್ಕೆ ತಲೆಗೆ 20 ಲೀಟರಿನಂತೆ 400 ಲೀಟರು ನೀರನ್ನು 20 ಡಿಗ್ರಿಯಿಂದ 45 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಬೇಕೆಂದಿಟ್ಟುಕೊಂಡರೆ 10,000 ಕಿಲೋಕ್ಯಾಲರಿ ಶಾಖವು ನೀರಿಗೇ ಸೇರಬೇಕು. ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 3,500, ಒಳ್ಳೆಯ ಗುಳಿಗೆಯಲ್ಲಿ ಸುಮಾರು 4,000 ಕಿಲೋಕ್ಯಾಲರಿ ಇರುತ್ತದೆ. ಹಳೆಯ ತೆರೆದ ಹಂಡೆ ಒಲೆಯಲ್ಲಿ ಈ ಶಾಖದ ಎಂಟನೆಯ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆಂದು ಹಿಡಿದರೆ ದಿನಕ್ಕೆ 23 ಕಿಲೋ ಸೌದೆ ಬೇಕು. ಪೆಲೆಟ್ ಒಲೆಯಲ್ಲಿ ಅರ್ಧ ಪಾಲು ಸೇರುತ್ತದೆಂದು ಹಿಡಿದರೆ 5 ಕಿಲೋ ಗುಳಿಗೆ ಸಾಕು. ವ್ಯಾಪಾರಸ್ಥರು ತೋರಿಸುವುದು ಈ ಎರಡು ಅಂಕಿಗಳನ್ನೇ.

ಅವರು ತೋರಿಸದ ಮೂರನೆಯ ಅಂಕಿಯೊಂದುಂಟು. ಹಳೆಯ ಒಲೆಯನ್ನೇ ಸರಿಯಾಗಿ ತಿದ್ದಿ ಕಟ್ಟಿದರೆ ಸೌದೆಯ ಶಾಖದಲ್ಲಿ ನೂರಕ್ಕೆ 40ರ ವರೆಗೆ ನೀರಿಗೆ ಸೇರುವಂತೆ ಮಾಡಬಹುದು. ಆಗ ಬೇಕಾಗುವ ಸೌದೆ ಸುಮಾರು 7 ಕಿಲೋ. ಎಂದರೆ 23ರಿಂದ 7ಕ್ಕೆ ಇಳಿಸುವ ಕೆಲಸವು ಗಾರೆಯವನದು; ಗುಳಿಗೆಯಿಂದ ಮುಂದೆ ಆಗುವ ಉಳಿತಾಯ ಎರಡು ಕಿಲೋ ಮಾತ್ರ. ಹಳೆಯ ಒಲೆಗೆ ಹೋಲಿಸಿದರೆ ಗುಳಿಗೆಯ ಬೆಲೆಯು ಸೌದೆಯ ನಾಲ್ಕೂವರೆ ಪಾಲು ಇದ್ದರೂ ನಷ್ಟವಿಲ್ಲ. ತಿದ್ದಿದ ಒಲೆಗೆ ಹೋಲಿಸಿದರೆ ಸುಮಾರು 1.4 ಪಾಲಿಗಿಂತ ಹೆಚ್ಚಿದ್ದರೆ ಗುಳಿಗೆ ದುಬಾರಿಯೇ ಸರಿ. ತೋಟದ ಸೌದೆ, ತೆಂಗಿನ ಮಟ್ಟೆ, ಅಡಿಕೆ ಹಾಳೆ ಮನೆಯಲ್ಲಿಯೇ ದೊರೆಯುವ ಜಮೀನುದಾರರು ಈ ಲೆಕ್ಕವನ್ನು ಎರಡು ಸಲ ಹಾಕಿ ನೋಡಬೇಕು.

ಒಲೆಯನ್ನು ತಿದ್ದುವುದೆಂದರೆ ಹೀಗೆ. ಬೆಂಕಿಯ ಕೆಳಗೆ ಕಬ್ಬಿಣದ ಸರಳುಗಳ ಜಾಲರಿ ಹಾಕಿ ಗಾಳಿ ಕೆಳಗಿನಿಂದ ಬರುವಂತೆ ಮಾಡುವುದು. ಹಂಡೆಯನ್ನು ಒಲೆಯೊಳಕ್ಕೆ ಇಳಿಸಿ, ಬಿಸಿಗಾಳಿಯು ಅದರ ಸುತ್ತಲೂ ಸುತ್ತಿ ಹೋಗುವಂತೆ ಕಿರಿದಾದ ಸಂದು ಬಿಡುವುದು. ಬಾಯನ್ನು ಚಿಕ್ಕದು ಮಾಡುವುದು. ಮಾಡಿನಿಂದ ಮೇಲಕ್ಕೆ ಹೊಗೆ ಕೊಳವೆ ನಿಲ್ಲಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ, 1980ರ ದಶಕದಲ್ಲಿ ಈ ನಾಡಿನಲ್ಲಿ ಹಬ್ಬಿದ ಅಸ್ತ್ರ ಒಲೆಯು ಇದೇ ತತ್ತ್ವದ್ದು. ಸೌದೆಯನ್ನು ಸೀಳಿ ಬೇಸಗೆಯೆಲ್ಲಾ ಒಣಗಿಸಿ ಮಾಡಿನ ಕೆಳಗೆ ಪೇರಿಸಿಡದಿದ್ದರೆ ಮಾತ್ರ ಯಾವ ಒಲೆಯೂ ಉಪಯೋಗವಿಲ್ಲ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಆ ನೀರನ್ನು ಆವಿಮಾಡುವುದಕ್ಕೇ ಬೆಂಕಿಯ ಒಂದು ಪಾಲು ವ್ಯರ್ಥವಾಗುತ್ತದೆ.

ಇಷ್ಟಾದರೂ ಸೌದೆಯನ್ನು ಹಣ ಕೊಟ್ಟು ಕೊಳ್ಳುವವರಿಗೆ, ಅಥವಾ ಸೌದೆ ಒಡೆಯಲು ಆಳು ಸಿಕ್ಕದ ಮನೆಗಳಿಗೆ, ಪೆಲೆಟ್ ಒಲೆ ಅನುಕೂಲವಾಗಬಹುದು. ಅಂಥವರು ಒಲೆಯನ್ನು ನೋಡುವುದಕ್ಕೆ ಮೊದಲು ಗುಳಿಗೆ ಎಲ್ಲಿಂದ ಬರುತ್ತದೆಂಬುದನ್ನು ನೋಡತಕ್ಕದ್ದು. ಇದಕ್ಕೆ ಕಾರಣವಿದೆ. ಇದೇ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ತಯಾರಾಗಿ 2006ರಲ್ಲಿ ಮಾರಾಟಕ್ಕೆ ಬಂದ ಊರ್ಜಾ ಎಂಬ ಪೆಲೆಟ್ ಒಲೆಯು ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಲಕ್ಷಗಟ್ಟಲೆ ಮನೆಗಳನ್ನು ಸೇರಿತು. ಕೆಲವು ವರ್ಷಗಳಲ್ಲಿ ಕಚ್ಚಾ ಸಾಮಗ್ರಿಯ ಬೆಲೆಯೇರಿ ಗುಳಿಗೆಯ ಬೆಲೆಯೂ ಏರಿತು. ಹಳ್ಳಿಗಳಿಗೆ ಅದನ್ನು ಮುಟ್ಟಿಸುವುದೂ ಕಷ್ಟವಾಯಿತು. ಒಲೆಯಲ್ಲಿ ಯಾವ ದೋಷವೂ ಇಲ್ಲದೆಯೇ ಅನೇಕ ಮನೆಗಳಲ್ಲಿ ಅದು ಅಟ್ಟವನ್ನು ಸೇರಿತು. ಈಗ ಗುಳಿಗೆಗೆ ಕಾರ್ಖಾನೆಗಳ ಬಾಯ್ಲರುಗಳೂ ಗಿರಾಕಿಗಳು. 2021ರಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಸಚಿವಾಲಯವು ಕಲ್ಲಿದ್ದಲಿನ ವಿದ್ಯುದಾಗಾರಗಳು ನೂರಕ್ಕೆ 5ರಂತೆ ಇಂಥಾ ಗುಳಿಗೆಯನ್ನು ಬೆರೆಸಿ ಉರಿಸಬೇಕೆಂಬ ನೀತಿಯನ್ನು ಹೊರಡಿಸಿತು. ಲಾರಿಗಟ್ಟಲೆ ಕೊಳ್ಳುವವರ ಎದುರಿಗೆ ನಾಲ್ಕು ಮೂಟೆ ಕೇಳುವ ಗೃಹಸ್ಥನಿಗೆ ಕೊಡುವವರು ಯಾರು? ಸಮೀಪದಲ್ಲಿ ತಯಾರಿಸುವವರಿದ್ದು, ವರ್ಷದ ಸರಬರಾಜಿಗೆ ಬರಹದಲ್ಲಿ ಒಪ್ಪಿದರೆ ಮಾತ್ರ ಮುಂದುವರಿಯುವುದು ಮೇಲು. ಊರಿನ ಹತ್ತು ಮನೆಯವರು ಕೂಡಿ ಒಟ್ಟಿಗೆ ತರಿಸಿದರೆ ಇನ್ನೂ ಮೇಲು.

ಗುಳಿಗೆಯ ಪರೀಕ್ಷೆ ಕಷ್ಟವಲ್ಲ. ಚೆನ್ನಾಗಿ ಒತ್ತಿದ್ದು ನೀರಿನಲ್ಲಿ ಮುಳುಗುತ್ತದೆ. ಬೆರಳಿನಿಂದ ಮುರಿದರೆ ಪುಡಿಯಾಗದೆ ಲಟಕ್ಕನೆ ಮುರಿಯುತ್ತದೆ. ಚೀಲದ ತಳದಲ್ಲಿ ಬೊಗಸೆಗಟ್ಟಲೆ ಪುಡಿಯಿದ್ದರೆ ಹಿಂದಕ್ಕೆ ಕಳುಹಿಸಬೇಕು. ನೂರು ಗ್ರಾಂ ತೂಗಿ ಪೂರ್ತಿ ಸುಟ್ಟು ಉಳಿದ ಬೂದಿಯನ್ನು ತೂಗಿದರೆ ಪದಾರ್ಥವೂ ತಿಳಿಯುತ್ತದೆ: ಮರದ ಹುಡಿಯದಾದರೆ ಒಂದು ಗ್ರಾಂ ಆಸುಪಾಸು, ಭತ್ತದ ಹೊಟ್ಟಿನದಾದರೆ 15ರಿಂದ 20 ಗ್ರಾಂ. ಬೂದಿ ಹೆಚ್ಚಿದ್ದರೆ ಗೂಡಿನಲ್ಲಿ ಗಟ್ಟಿ ಕಿಟ್ಟ ಕಟ್ಟುವ ಭಯವಿದೆ. ಮಳೆಗಾಲದ ನಾಲ್ಕು ತಿಂಗಳಿಗೆ ಮೇಲಿನ ಲೆಕ್ಕದಂತೆ 600 ಕಿಲೋ ಬೇಕು. ಇದಕ್ಕೆ ಒಂದು ಘನ ಮೀಟರು ಜಾಗ ಸಾಕು. ಆದರೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಕಟ್ಟಿದ ಚೀಲದಲ್ಲಿಡಬೇಕು. ಗುಳಿಗೆಯು ತೇವ ತಗಲಿದರೆ ಉಬ್ಬಿ ಮತ್ತೆ ಹೊಟ್ಟಾಗುತ್ತದೆ.

ಒಲೆಯ ಗಾತ್ರದ ವಿಷಯದಲ್ಲಿ ಮೋಸಹೋಗುವವರೇ ಬಹಳ. ಚಿಕ್ಕ ಸಂಸಾರದ ಅಡಿಗೆಗೆಂದು ಮಾಡಿದ ಒಲೆಯು ಒಂದು ಸಲಕ್ಕೆ ಸುಮಾರು 600 ಗ್ರಾಂ ಹಿಡಿಯುತ್ತದೆ. ಅದರಿಂದ ಸುಮಾರು 48 ಲೀಟರು ಸ್ನಾನದ ನೀರು ಮಾತ್ರ ಕಾಯುವುದು. ದೊಡ್ಡ ಮನೆಯ ಹಂಡೆಗೆ ಅದನ್ನು ಎಂಟು ಒಂಬತ್ತು ಸಲ ತುಂಬಬೇಕಾಗುವುದು. ಆದುದರಿಂದ ಹೋಟೆಲು, ಛತ್ರಗಳಿಗೆಂದು ಮಾಡುವ ದೊಡ್ಡ ಅಳತೆಯದನ್ನೇ ನೋಡಬೇಕು. ಪರದೇಶಗಳಲ್ಲಿ ಕೊಠಡಿ ಬೆಚ್ಚಗಿಡಲು ಬಳಸುವ ಪೆಲೆಟ್ ಒಲೆಗಳು ಬೇರೆಯವು. ಅವುಗಳಿಗೆ ನೂರಕ್ಕೆ ಒಂದಕ್ಕಿಂತ ಕಡಮೆ ಬೂದಿಯ ಮರದ ಗುಳಿಗೆಯೂ ತಪ್ಪದ ವಿದ್ಯುತ್ತೂ ಬೇಕಾದುದರಿಂದ, ಗಾಳಿಮಳೆಗೆ ಕರೆಂಟು ಹೋಗುವ ಊರುಗಳಿಗೆ ಅವು ಹೇಳಿದವಲ್ಲ.

ಹೊಗೆ ಕಾಣಿಸದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಕೂಡದು. ಅನಿಲ ತೀರಿ ಇದ್ದಲು ಕೆಂಡವಾಗಿ ಉರಿಯುವಾಗ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಚಳಿಯೆಂದು ಕಿಟಕಿ ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಇಂಥಾ ಒಲೆಯನ್ನಾಗಲಿ, ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಇಟ್ಟುಕೊಂಡವರು ನಿದ್ರೆಯಲ್ಲಿಯೇ ಪ್ರಾಣ ಬಿಟ್ಟಿರುವುದುಂಟು. ಹೊಗೆ ಕೊಳವೆಯಿಲ್ಲದ ಒಲೆಗೆ ಹೊರಜಗುಲಿಯೇ ಸ್ಥಳ. ಒಳಗಿಡಲೇಬೇಕಾದರೆ ಕೊಳವೆ ಕಡ್ಡಾಯ.

ಉಳಿದ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ತೆಂಗು ಬಾಳೆಗಳ ಬುಡಕ್ಕೆ ಹಾಕಬಹುದು. ಆದರೆ ಗಂಜಲ ಬಿದ್ದ ತಿಪ್ಪೆಯ ಮೇಲೆ ಸುರಿಯಬಾರದು. ಬೂದಿಯ ಕ್ಷಾರದಿಂದ ಗೊಬ್ಬರದ ಸಾರಜನಕವು ಅಮೋನಿಯವಾಗಿ ಹಾರಿಹೋಗುತ್ತದೆ.