ಕಲ್ಲಿನ ಸಂದಿಗೆ ಕೈ ಹಾಕುವ ಮುನ್ನ

ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟು ದಾಟಿ ಹುಲಿಗಿ, ಸಾಣಾಪುರದ ಮೇಲೆ ಆನೆಗೊಂದಿಯತ್ತ ಹೊರಟರೆ ದಾರಿಯುದ್ದಕ್ಕೂ ಬಂಡೆಗುಡ್ಡಗಳ ಸಾಲು. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಈ ಕಲ್ಲುಗಳ ನಡುವೆ ಸಂದಿಗೊಂದಿಗಳಿಗೆ ಲೆಕ್ಕವಿಲ್ಲ. ಏನನ್ನಾದರೂ ಬಚ್ಚಿಡಬೇಕೆಂದು ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೇಸಿಗೆಯಲ್ಲೂ ತಂಪು, ಮಳೆಯಲ್ಲೂ ಒಣನೆಲ, ದಾರಿಹೋಕರ ಕಣ್ಣಿಗೆ ಬೀಳದ ಮರೆ. ಹಾವಿಗೂ ಬೇಕಾದದ್ದು ಇದೇ, ಚೇಳಿಗೂ ಇದೇ. ಸಂದಿ ಸ್ವಲ್ಪ ದೊಡ್ಡದಿದ್ದರೆ ಕರಡಿಗೂ ಚಿರತೆಗೂ ಇದೇ ಬೇಕು. ಜಿಯೋಕ್ಯಾಶಿಂಗ್ ಆಡುವವರು ಈ ಕಡೆ ಬರುವುದಾದರೆ ಮೊದಲು ತಿಳಿಯಬೇಕಾದ ಸಂಗತಿ ಇದು.

ಆಟ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಒಬ್ಬರು ನೀರು ಇಳಿಯದ ಪುಟ್ಟ ಡಬ್ಬಿಯಲ್ಲಿ ಸಹಿಪುಸ್ತಕ ಇಟ್ಟು ಎಲ್ಲಾದರೂ ಬಚ್ಚಿಡುತ್ತಾರೆ, ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಮೊಬೈಲಿನ ಜಿಪಿಎಸ್ ನೋಡಿಕೊಂಡು ಹುಡುಕಿ, ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ 2ರಂದು ತೆಗೆದುಹಾಕಿತು. ಮರುದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬುವರು ಮೊದಲ ಡಬ್ಬಿ ಇಟ್ಟರು. ಆಮೇಲೆ ಆಟ ಪ್ರಪಂಚವೆಲ್ಲ ಹಬ್ಬಿತು.

ಜಿಪಿಎಸ್ ನಮ್ಮನ್ನು ಡಬ್ಬಿಯ ಮುಂದೆಯೇ ತಂದು ನಿಲ್ಲಿಸುವುದಿಲ್ಲ. ಬಯಲಿನಲ್ಲೇ ನಾಲ್ಕೈದು ಮೀಟರ್ ಹೆಚ್ಚುಕಡಿಮೆ ತೋರಿಸುತ್ತದೆ. ಬಂಡೆಗಳ ನಡುವೆ ನಿಂತರೆ ಆಕಾಶ ಅರ್ಧ ಮುಚ್ಚಿರುತ್ತದೆ, ಉಪಗ್ರಹದ ಸಂಕೇತ ಕಲ್ಲಿಗೆ ಬಡಿದು ತಿರುಗಿ ಬರುತ್ತದೆ, ತೋರಿಸುವ ಬಿಂದು ಅತ್ತಿತ್ತ ಓಡಾಡುತ್ತದೆ. ಕೊನೆಯ ಹುಡುಕಾಟವನ್ನು ಕೈಯೇ ಮಾಡಬೇಕು. ಒಂದು ಸಂದಿಯಲ್ಲಿ ಇಲ್ಲವೆಂದರೆ ಪಕ್ಕದ್ದು, ಅದೂ ಅಲ್ಲವೆಂದರೆ ಅದರಾಚೆಯದು. ಡಬ್ಬಿ ಇರುವುದು ಒಂದೇ ಕಡೆ, ಹುಡುಕುವವರ ಬೆರಳು ಹೊಗುವುದು ಹತ್ತಾರು ಕಡೆ. ಇಟ್ಟವರು ತಮ್ಮ ಸಂದಿಯನ್ನು ಪರೀಕ್ಷಿಸಿಯೇ ಇಟ್ಟಿರಬಹುದು, ಅಕ್ಕಪಕ್ಕದ ಸಂದಿಗಳ ಮಟ್ಟಿಗೆ ಆ ಮಾತು ಹೇಳಲಾಗದು.

ಡಬ್ಬಿಯ ವಿವರದೊಂದಿಗೆ ಕೆಲವು ಚಿಹ್ನೆಗಳನ್ನು ಹಾಕಲು ಈ ಆಟದಲ್ಲಿ ಅವಕಾಶವಿದೆ. ಅಪಾಯಕಾರಿ ಪ್ರಾಣಿಗಳಿವೆ ಎನ್ನಲು ಒಂದು, ಉಣುಗುಗಳಿವೆ ಎನ್ನಲು ಒಂದು, ಮುಳ್ಳಿದೆ ಎನ್ನಲು ಇನ್ನೊಂದು. ಒಳ್ಳೆಯ ಏರ್ಪಾಡೇ. ಆದರೆ ಕೊಪ್ಪಳ ಜಿಲ್ಲೆಯ ಗುಡ್ಡಗಳಿಗೆ ಅಷ್ಟು ಸಾಲದು. ಕರಡಿ ಇರುವಲ್ಲಿ ಸದ್ದು ಮಾಡುತ್ತ ನಡೆಯಬೇಕು, ಹೆಜ್ಜೇನು ಕಟ್ಟಿದಲ್ಲಿ ಸದ್ದೇ ಮಾಡಬಾರದು. ಚಿರತೆ ಎದುರಾದರೆ ಓಡಬಾರದು, ಜೇನು ಎದ್ದರೆ ಓಡಲೇಬೇಕು. ‘ಪ್ರಾಣಿಗಳಿವೆ, ಎಚ್ಚರ’ ಎಂದಷ್ಟೇ ಓದಿಕೊಂಡು ಬಂದ ಹೊಸಬರು ಇವುಗಳಲ್ಲಿ ಯಾವುದನ್ನು ಪಾಲಿಸಬೇಕು? ಎಚ್ಚರಿಕೆ ಬರೆಯುವವರು ಪ್ರಾಣಿಯ ಹೆಸರು ಹೇಳಬೇಕು, ಹೊತ್ತು ಹೇಳಬೇಕು, ತಿಂಗಳು ಹೇಳಬೇಕು.

ಚಿರತೆಯ ಮಾತು ಇಲ್ಲಿ ಬರೀ ಹೆದರಿಕೆಯ ಮಾತಲ್ಲ. 2020ರ ಕೊನೆಯ ತಿಂಗಳುಗಳಲ್ಲಿ ಆನೆಗೊಂದಿ ಸುತ್ತಲಿನ ಗುಡ್ಡಗಳಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡರು. ಅರಣ್ಯ ಇಲಾಖೆ ಬೋನು ಇಟ್ಟು ಕಾದಿತು, ಊರವರು ಹೊತ್ತು ಮುಳುಗಿದ ಮೇಲೆ ಹೊಲಕ್ಕೆ ಹೋಗಲು ಅಂಜಿದರು. ಮನುಷ್ಯರನ್ನು ಕಂಡರೆ ಸರಿದು ಹೋಗುವುದೇ ಚಿರತೆಯ ಸಾಮಾನ್ಯ ಸ್ವಭಾವ. ಆದರೆ ಮರಿ ಇಟ್ಟ ಗವಿಯ ಬಾಯಿಗೇ ಹೋಗಿ ನಿಂತರೆ ಆ ಸ್ವಭಾವವನ್ನು ನೆಚ್ಚಿಕೊಳ್ಳುವಂತಿಲ್ಲ. ಕುಕ್ಕರಗಾಲಲ್ಲಿ ಕೂತು ಬಂಡೆಯಡಿ ಇಣುಕುವವರು ಅದರ ಕಣ್ಣಿಗೆ ಆಳೆತ್ತರದ ಮನುಷ್ಯರಾಗಿ ಕಾಣುವುದಿಲ್ಲ. ಜಿಯೋಕ್ಯಾಶಿಂಗ್‌ನಲ್ಲಿ ಮತ್ತೆ ಮತ್ತೆ ಹೀಗೆ ಕೂರಬೇಕಾಗುತ್ತದೆ. ಜೊತೆಗೆ ಒಬ್ಬರಾದರೂ ಇರಲಿ, ಒಬ್ಬರು ಬಗ್ಗಿದಾಗ ಇನ್ನೊಬ್ಬರು ನಿಂತು ಸುತ್ತ ನೋಡುತ್ತಿರಲಿ. ಚಿರತೆ ಕಂಡರೆ ಬೆನ್ನು ತೋರಿಸದೆ, ಎತ್ತರವಾಗಿ ನಿಂತು, ಮೆಲ್ಲಗೆ ಹಿಂದೆ ಸರಿಯಬೇಕು. ಮಕ್ಕಳಿದ್ದರೆ ಎತ್ತಿಕೊಳ್ಳಬೇಕು.

ಕರಡಿಯ ಕಷ್ಟ ಬೇರೆ ಬಗೆಯದು. ನದಿಯಾಚೆಯ ದರೋಜಿಯಲ್ಲಿ 1994ರಲ್ಲೇ ಕರಡಿಧಾಮ ಆಯಿತು. ಹೊಳೆಯ ಈಚೆಯ ಗುಡ್ಡಗಳಲ್ಲೂ ಕರಡಿಗಳಿವೆ. ಹಗಲು ಬಂಡೆಗಳ ಪೊಟರೆಯಲ್ಲಿ ಮಲಗಿ, ಇಳಿಹೊತ್ತಿಗೆ ಎದ್ದು ಗೆದ್ದಲು, ಬಾರೆಹಣ್ಣು, ಕಾರೆಹಣ್ಣು ಹುಡುಕುತ್ತ ಹೊರಡುತ್ತವೆ. ಬೆಳೆ ಇದ್ದರೆ ಹೊಲಕ್ಕೂ ಇಳಿಯುತ್ತವೆ. ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುವಾಗ ಕರಡಿಗೆ ಪಕ್ಕದಲ್ಲಿ ಯಾರು ಬಂದರೂ ತಿಳಿಯುವುದಿಲ್ಲ. ಮೊದಲೇ ಕಣ್ಣು ಮಂದ. ತೀರಾ ಹತ್ತಿರ ಹೋದ ಮೇಲೆ ಬೆಚ್ಚಿಬಿದ್ದು ಮೇಲೇರಿ ಬರುತ್ತದೆ. ಆಗ ಉಗುರು ಬೀಳುವುದು ಮುಖಕ್ಕೆ, ತಲೆಗೆ. ದಾಳಿಗೆ ಸಿಕ್ಕವರು ಬದುಕಿದರೂ ಎಷ್ಟೋ ಸಲ ಕಣ್ಣು, ಮೂಗು ಕಳೆದುಕೊಂಡಿರುತ್ತಾರೆ. ಅದಕ್ಕೇ ಗುಡ್ಡದಲ್ಲಿ ಗಟ್ಟಿಯಾಗಿ ಮಾತಾಡುತ್ತ, ಕೋಲು ಕುಟ್ಟುತ್ತ ನಡೆಯಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲ್ ಪರದೆ ನೋಡುತ್ತ ಸದ್ದಿಲ್ಲದೆ ನಡೆಯುವುದು ಕರಡಿ ನಾಡಿನಲ್ಲಿ ತೀರಾ ಕೆಟ್ಟ ಅಭ್ಯಾಸ. ಡಿಸೆಂಬರ್, ಜನವರಿಯ ಸುಮಾರಿಗೆ ಹುಟ್ಟಿದ ಮರಿಗಳನ್ನು ತಾಯಿ ಕೆಲವು ತಿಂಗಳಾದ ಮೇಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಆ ದಿನಗಳಲ್ಲಿ ಅದರ ಸಿಟ್ಟು ಇನ್ನೂ ಹೆಚ್ಚು.

ಇಷ್ಟಾದರೂ ಡಬ್ಬಿ ಹುಡುಕುವವರಿಗೆ ದೊಡ್ಡ ಅಪಾಯ ಇರುವುದು ಸಣ್ಣ ಜೀವಗಳಿಂದಲೇ. ನಿಧಿ ಇದ್ದಲ್ಲಿ ಸರ್ಪ ಕಾವಲಿರುತ್ತದೆ ಎಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಕಾವಲಿನ ಮಾತು ಹೇಗೂ ಇರಲಿ, ಕಲ್ಲಿನ ಪೊಟರೆಯಲ್ಲಿ ಇಲಿ ಇರುತ್ತದೆ, ಹಲ್ಲಿ ಇರುತ್ತದೆ, ಅವುಗಳ ಬೆನ್ನು ಹತ್ತಿ ಹಾವು ಬರುತ್ತದೆ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ಈ ನಾಲ್ಕೂ ನಮ್ಮ ಒಣನಾಡಿನಲ್ಲಿವೆ. ಇವುಗಳಲ್ಲಿ ಗರಗಸ ಮಂಡಲದ ಬಗ್ಗೆ ಒತ್ತಿ ಹೇಳಬೇಕು. ಕಲ್ಲುನೆಲವೇ ಅದಕ್ಕೆ ಇಷ್ಟ. ಗಾತ್ರ ಸಣ್ಣದು, ಹೆಬ್ಬೆರಳ ದಪ್ಪ, ಬಣ್ಣ ಕಲ್ಲುಮಣ್ಣಿನದೇ. ಚಪ್ಪಡಿ ಕಲ್ಲೆತ್ತಿದರೆ ಅಡಿಯಲ್ಲಿ ಸುರುಳಿ ಸುತ್ತಿಕೊಂಡು ಪೊರೆಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡುತ್ತದೆ. ಆ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಕೈ ಅದರ ಪಕ್ಕದಲ್ಲೇ ಇರುತ್ತದೆ.

ಬೆರಳುದ್ದದ ಕೆಂಪು ಚೇಳನ್ನೂ ಹಗುರಾಗಿ ಎಣಿಸಬಾರದು. ಅದರ ವಿಷ ಹೃದಯಕ್ಕೆ ಏರಿ, ಶ್ವಾಸಕೋಶದಲ್ಲಿ ನೀರು ತುಂಬಿ, ಒಂದು ಕಾಲದಲ್ಲಿ ಎಷ್ಟೋ ಮಕ್ಕಳು ಸಾಯುತ್ತಿದ್ದರು. ಮಹಾರಾಷ್ಟ್ರದ ಮಹಾಡ್ ಎಂಬ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಈ ಸಾವುಗಳನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಕೂತು ಅವರು ಮಾಡಿದ ಈ ಕೆಲಸ ಎಷ್ಟು ದೊಡ್ಡದೆಂದು ನಾವು ಇನ್ನೂ ಸರಿಯಾಗಿ ಅರಿತಿಲ್ಲ. ಮಾತ್ರೆ ಬೇಗ ಸಿಕ್ಕಷ್ಟೂ ಒಳ್ಳೆಯದು. ಚೇಳು ಕಡಿದರೆ ಮಂತ್ರ ಹಾಕಿಸುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು.

ಇನ್ನು ಹೊಳೆ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ನೀರುನಾಯಿ ನೋಡಲು ಚೆಂದ. ಅದೇ ನೀರಿನಲ್ಲಿ ಮೊಸಳೆಗಳೂ ಇವೆ. ಬೇಸಿಗೆಯ ಮೊದಲಲ್ಲಿ ಮರಳು ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ತಾಯಿಮೊಸಳೆ ಅಲ್ಲೇ ಕಾಯುತ್ತಿರುತ್ತದೆ. ದಡದ ಬಂಡೆಗಳಲ್ಲಿ ಡಬ್ಬಿ ಇಡುವವರು ಇನ್ನೊಂದನ್ನೂ ನೆನಪಿಡಬೇಕು. ಅಣೆಕಟ್ಟಿನ 33 ಗೇಟುಗಳಲ್ಲಿ ಎಷ್ಟು ಎತ್ತುತ್ತಾರೆ ಎಂಬುದರ ಮೇಲೆ ದಡ ಎಲ್ಲಿದೆ ಎಂಬುದು ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದಾಗ ಹೊಳೆ ಹೇಗೆ ನುಗ್ಗಿತೆಂದು ಮುನಿರಾಬಾದಿನವರು ಕಣ್ಣಾರೆ ಕಂಡಿದ್ದಾರೆ. ನೀರು ಏರಿ ಇಳಿದ ಮೇಲೆ ಮೊಸಳೆ ಹೋದ ವರ್ಷ ಮಲಗಿದ ಬಂಡೆಯ ಮೇಲೆಯೇ ಮಲಗಿರುವುದಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ತೋಳಗಳಿವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಜೀವಿಧಾಮ ಇದೆ. ತೋಳದಿಂದ ನಮಗಾಗುವ ಅಪಾಯಕ್ಕಿಂತ ನಮ್ಮಿಂದ ತೋಳಕ್ಕಾಗುವ ಅಪಾಯವೇ ಹೆಚ್ಚು. ಬಿಲದ ಹತ್ತಿರ ಜನರ ಓಡಾಟ ಶುರುವಾದರೆ ಅದು ಮರಿಗಳನ್ನು ಕಚ್ಚಿಕೊಂಡು ಜಾಗ ಬಿಡುತ್ತದೆ. ವನ್ಯಜೀವಿಧಾಮಗಳ ಒಳಗೆ 1972ರ ಕಾಯ್ದೆಯಂತೆ ಅನುಮತಿಯಿಲ್ಲದೆ ಕಾಲಿಡುವಂತೆಯೇ ಇಲ್ಲ. ಬಯಲಿನಲ್ಲಿ ನಿಜವಾಗಿ ಹುಷಾರಾಗಿರಬೇಕಾದದ್ದು ಕುರಿಹಟ್ಟಿಯ ನಾಯಿಗಳ ಬಗ್ಗೆ. ಕುರಿಗಾಹಿಯನ್ನು ದೂರದಿಂದಲೇ ಕೂಗಿ ಕರೆಯಿರಿ, ನೇರ ಹಟ್ಟಿಗೆ ನುಗ್ಗಬೇಡಿ. ನಾಯಿ ಕಚ್ಚಿದರೂ, ಅಂಜನಾದ್ರಿ ಬೆಟ್ಟದ ಮೆಟ್ಟಿಲುಗಳಲ್ಲಿ ಕೋತಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು.

ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಸಮಾಧಿಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿವೆ. ಸುತ್ತಲಿನವರು ಮೋರ್ಯರ ಮನೆಗಳೆನ್ನುತ್ತಾರೆ. 2021ರಲ್ಲಿ ಈ ತಾಣ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕೋಣೆ, ಕೆಲವುಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಡಬ್ಬಿ ಇಡುವವರಿಗೆ ಆ ಕಿಂಡಿ ಆಸೆ ಹುಟ್ಟಿಸುತ್ತದೆ. ದಯವಿಟ್ಟು ಬೇಡ. ಒಳಗಿನ ಕತ್ತಲಲ್ಲಿ ಏನು ಮಲಗಿದೆಯೋ ಕಾಣುವುದಿಲ್ಲ, ಹುಡುಕುವವರ ಕಾಲು ತಾಗಿ ಚಪ್ಪಡಿ ಜಾರಿದರೆ ಮತ್ತೆ ಅದನ್ನು ನಿಲ್ಲಿಸುವವರಿಲ್ಲ. ನಿಧಿಗಳ್ಳರ ಕಾಟ ಕಂಡ ಸೀಮೆ ಇದು. ಸ್ಮಾರಕಗಳ ಸುತ್ತ ಮೊಬೈಲ್ ಹಿಡಿದು ಕಲ್ಲು ಸರಿಸುವ ಅಪರಿಚಿತರನ್ನು ಊರವರು ಅನುಮಾನದಿಂದ ನೋಡಿದರೆ ಅದು ಅವರ ತಪ್ಪಲ್ಲ. ಗುಡ್ಡ ಹತ್ತುವ ಮೊದಲು ಊರಲ್ಲಿ ನಾಲ್ಕು ಜನಕ್ಕೆ ಹೇಳಿ. ಚಿರತೆ ಯಾವ ಕಡೆ ಕಂಡಿತ್ತು, ಜೇನು ಯಾವ ಬಂಡೆಗೆ ಕಟ್ಟಿದೆ ಎಂಬ ಸುದ್ದಿಯೂ ಅವರಿಂದಲೇ ಸಿಗಬೇಕು. “ಹೊತ್ತು ಮುಳುಗೂದ್ರೊಳಗ ಇಳದ್ ಬರ್ರಿ” ಎಂದು ಅವರು ಹೇಳಿದರೆ ಆ ಮಾತು ಮೀರಬೇಡಿ.

ಡಬ್ಬಿಯೇ ಇಲ್ಲದ ಒಂದು ಬಗೆ ಈ ಆಟದಲ್ಲಿದೆ. ಅದಕ್ಕೆ ಅರ್ಥ್‌ಕ್ಯಾಶ್ ಎಂದು ಹೆಸರು, 2004ರಲ್ಲಿ ಶುರುವಾಯಿತು. ಹೇಳಿದ ಜಾಗಕ್ಕೆ ಹೋಗಿ, ಅಲ್ಲಿನ ಕಲ್ಲುಮಣ್ಣಿನ ರಚನೆಯನ್ನು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕಳಿಸಿದರೆ ಸಾಕು. ಎಲ್ಲೂ ಕೈ ಹಾಕಬೇಕಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಈ ಬಂಡೆಗಳು. ಬಿಸಿಲು, ಮಳೆಗೆ ಬಿರಿದು, ಮೂಲೆ ಸವೆದು, ಈರುಳ್ಳಿ ಸಿಪ್ಪೆಯ ಹಾಗೆ ಪದರ ಕಳಚುತ್ತ ಉರುಟಾದದ್ದನ್ನು ಸಾಣಾಪುರದ ದಾರಿಯಲ್ಲೇ ನಿಂತು ನೋಡಬಹುದು. ನನ್ನ ಮಟ್ಟಿಗೆ ಈ ಸೀಮೆಗೆ ತಕ್ಕ ಆಟ ಇದು.

ಡಬ್ಬಿಯನ್ನೇ ಇಡಬೇಕೆನ್ನುವವರು ಜಾಗದ ಒಡೆಯರ ಒಪ್ಪಿಗೆ ಪಡೆದು, ನಿಂತ ಕಡೆಯಿಂದಲೇ ಕಾಣುವಂತೆ, ಎದೆಯೆತ್ತರದಲ್ಲಿ, ಹಳ್ಳಿಗೆ ಹತ್ತಿರ ಇಡಲಿ. ಕಲ್ಲು ಎತ್ತಬೇಕಾಗಿಲ್ಲ, ಸಂದಿಗೆ ಕೈ ಹಾಕಬೇಕಾಗಿಲ್ಲ ಎಂದು ವಿವರದ ಮೊದಲ ಸಾಲಿನಲ್ಲೇ ಬರೆಯಲಿ. ಬೆಳಿಗ್ಗೆ ಎಷ್ಟು ಗಂಟೆಯ ಮೇಲೆ ಬರಬೇಕು, ಸಂಜೆ ಎಷ್ಟಕ್ಕೆ ಇಳಿಯಬೇಕು ಎಂದೂ ಬರೆಯಲಿ. ಆ ಕಡೆ ಚಿರತೆ ಕಂಡ ಸುದ್ದಿ ಬಂದ ದಿನವೇ ಡಬ್ಬಿಯನ್ನು ತಾತ್ಕಾಲಿಕವಾಗಿ ಮುಚ್ಚಿದ್ದೇವೆಂದು ಪ್ರಕಟಿಸಲಿ. ಹುಡುಕುವವರು ಬೂಟು, ಟಾರ್ಚು, ಉದ್ದನೆಯ ಕೋಲು ಇಲ್ಲದೆ ಹೊರಡಬಾರದು. ಕುರಿಗಾಹಿಗಳು ಕಲ್ಲು ಮುಟ್ಟುವ ಮೊದಲು ಕೋಲಿನಿಂದ ಕುಟ್ಟುತ್ತಾರೆ, ಅದನ್ನು ಕಲಿಯಲಿ. ಹೆಜ್ಜೇನಿನ ಹುಟ್ಟು ತೂಗುವ ಬಂಡೆಯಡಿ ಹೊಗೆ, ಸೆಂಟು, ಕೂಗಾಟ ಯಾವುದೂ ಬೇಡ.

ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಕಡಿತವಾದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಡಗ, ವಾಚು ತೆಗೆದುಹಾಕಿ. ಕಡಿದ ಕೈಕಾಲು ಅಲುಗದಂತೆ ಇಟ್ಟು, ಕಡಿಸಿಕೊಂಡವರನ್ನು ನಡೆಸದೆ ಹೊತ್ತು ಇಳಿಸಿ, 108ಕ್ಕೆ ಕರೆ ಮಾಡಿ. ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಔಷಧಿ ಇರುವುದರಿಂದ ಹಾವನ್ನು ಹಿಡಿದು ತರಲು ಹೋಗಿ ಇನ್ನೊಬ್ಬರು ಕಡಿಸಿಕೊಳ್ಳುವುದು ಬೇಡ. ಗುಡ್ಡದ ಮೇಲೆ ಮೊಬೈಲ್ ನೆಟ್‌ವರ್ಕ್ ಎಲ್ಲಿಯವರೆಗೆ ಸಿಗುತ್ತದೆ, ಗಂಗಾವತಿ, ಕೊಪ್ಪಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವುದು ಹತ್ತಿರ, ವಾಹನ ಎಲ್ಲಿಯವರೆಗೆ ಬರುತ್ತದೆ ಎಂಬ ಮೂರು ವಿವರಗಳನ್ನು ಅಕ್ಷಾಂಶ, ರೇಖಾಂಶಗಳ ಕೆಳಗೇ ಬರೆದಿಡಬೇಕು.